ಫಕೀರೇಶ ಎಂದು ಕರೆದರೆ

"ಇನ್ನೊಮ್ಮೆ ಕರಿ," ಎಂದಳು ನಾಗರತ್ನಾ.

ರೂಪಾ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟುಕೊಂಡೇ ಹೊರಳಿದಳು. "ಶರತಾ... ಏ ಶರತಾ, ಇಲ್ಲಿ ನೋಡಪಾ."

ಹೊಸ್ತಿಲ ಹತ್ತಿರ ಖಾಲಿ ಲಾಳಿಯೊಂದನ್ನು ನೆಲಕ್ಕೆ ಬಡಿಯುತ್ತ ಕೂತಿದ್ದ ಒಂದೂವರೆ ವರ್ಷದ ಮಗ ತಲೆ ಎತ್ತಲಿಲ್ಲ. ಕಿವಿ ಕೇಳದ ಕೂಸೇನಲ್ಲ. ಬೀದಿಯಲ್ಲಿ ಸೈಕಲ್ಲಿನ ಗಂಟೆ ಆದರೆ ಸಾಕು, ಕತ್ತು ಉದ್ದ ಮಾಡಿ ನೋಡುತ್ತಿತ್ತು.

"ಈಗ ಆ ಹೆಸರು."

ಹೆತ್ತ ಮಗನನ್ನು ಯಾರದೋ ಹೆಸರಿನಿಂದ ಕರೆಯುವುದೆಂದರೆ ಯಾವ ತಾಯಿಗೆ ಬಾಯಿ ಬಂದೀತು? ಆದರೂ ರೂಪಾ ಕರೆದಳು, ಪಿಸುಗುಟ್ಟಿದ ಹಾಗೆ. "ಫಕೀರೇಶಾ..."

ಕೂಸು ತಿರುಗಿತು. ಬಾಯಿ ತುಂಬ ನಕ್ಕು ಎರಡೂ ಕೈ ಮುಂದೆ ಮಾಡಿತು.

"ನಾ ಹೇಳಿದ್ದಿಲ್ಲೇನು?" ಮೂಲೆಯಲ್ಲಿ ಕೂತಿದ್ದ ಅತ್ತೆ ಮಾನವ್ವ ಎದೆಗೆ ಕೈ ಇಟ್ಟುಕೊಂಡಳು. ಎರಡೂ ಕಣ್ಣಿಗೆ ಪೊರೆ ಬಂದು ಕೂಸಿನ ಹಿಂದೆ ಓಡುವ ಶಕ್ತಿ ಅವಳಿಗಿರಲಿಲ್ಲ, ಬಾಯಿಗೆ ಮಾತ್ರ ಏನೂ ಆಗಿರಲಿಲ್ಲ. "ಗಾಳಿ ಸೋಕೈತಿ. ಸತ್ತ ಯಾವುದೋ ಕೂಸು ಇದರ ಮೈಯಾಗ ಹೊಕ್ಕೈತಿ."

"ಗಾಳಿ ಹೆಸರು ಕಲಸಾಂಗಿಲ್ಲ, ಮಾನವ್ವ. ಮನಷ್ಯಾರ ಕಲಸ್ತಾರ," ಎಂದಳು ನಾಗರತ್ನಾ. ಮಾತು ಗಟ್ಟಿಯಾಗಿಯೇ ಬಂತು. ಆದರೆ ಅವಳ ಮುಂಗೈ ಮೇಲಿನ ಕೂದಲು ನಿಮಿರಿದ್ದು ಅವಳಿಗೆ ಗೊತ್ತಿತ್ತು.

ರೂಪಾಳ ಮನೆಯಲ್ಲಾಗಲಿ ಓಣಿಯಲ್ಲಾಗಲಿ ಫಕೀರೇಶನೆಂಬ ಹೆಸರಿನವರು ಯಾರೂ ಇರಲಿಲ್ಲ. ಗಂಡ ಉಮೇಶ ಗೋವಾದ ಕಟ್ಟಡದ ಕೆಲಸಕ್ಕೆ ಹೋಗಿದ್ದ. ಕೂಸು ಮನೆ ಬಿಟ್ಟರೆ ಹೋಗುತ್ತಿದ್ದುದು ಒಂದೇ ಜಾಗಕ್ಕೆ, ಗಜೇಂದ್ರಗಡದ ಹೊಸ ಬಡಾವಣೆಯಲ್ಲಿದ್ದ 'ತೊಟ್ಟಿಲು' ಶಿಶುಪಾಲನಾ ಕೇಂದ್ರಕ್ಕೆ.

ನಾಗರತ್ನಾ ರೋಣ ಠಾಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತಳಾದವಳು. ಈಗ ಅವಳ ಕಸುಬು ವರನ ವಿಚಾರಣೆ. ಹೆಣ್ಣು ಕೊಡುವವರು ಬಂದು ಹುಡುಗನ ಹೆಸರು ಹೇಳಿದರೆ, ಅವನು ಕುಡಿಯುತ್ತಾನೋ, ಬೇರೆ ಕಡೆ ಸಂಸಾರ ಹೂಡಿದ್ದಾನೋ ಎಂದು ಗುಟ್ಟಾಗಿ ತಿಳಿದು ಹೇಳುವುದು. ಇದರಿಂದ ಮುರಿದ ಮದುವೆಗಳ ಶಾಪವೆಲ್ಲ ಅವಳ ತಲೆ ಮೇಲಿತ್ತು, ಅವಳು ಆರಾಮಾಗಿಯೇ ಇದ್ದಳು. ಕೂಸು ಬಿಡುವ ಮನೆಯನ್ನು ವಿಚಾರಿಸಿ ಎಂದು ಬಂದವಳು ರೂಪಾ ಒಬ್ಬಳೇ.

"ಬಿಡೂಕಿಂತ ಮೊದ್ಲ ಏನ್ ನೋಡಿದಿ ನೀನು?"

"ಗೋಡಿ ಮ್ಯಾಲ ಪರವಾನಗಿ ಇತ್ರೀ. ಕಟ್ಟ ಹಾಕಿಸಿ ತೂಗಬಿಟ್ಟಾರ. ಸರಕಾರದ ಶಿಕ್ಕಾನೂ ಐತಿ."

"ವರನ ಮನ್ಯಾಗೂ ಡಿಗ್ರಿ ಕಟ್ಟ ಹಾಕಿಸಿರ್ತಾರ. ನಾ ಅದನ್ನ ನೋಡಾಂಗಿಲ್ಲ, ಅವರ ಮನಿಗೆ ಹಾಲು ಹಾಕಾಂವನ್ನ ಕೇಳ್ತೀನಿ." ನಾಗರತ್ನಾ ಚೀಲದಿಂದ ಕಾಗದಗಳನ್ನು ತೆಗೆದಳು. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, ಕಚೇರಿಯ ಬೆಂಚು ಸವೆಯುವಷ್ಟು ಕೂತು ತಂದ ತಪಾಸಣೆ ವರದಿಗಳು. "ಪರವಾನಗಿ ಅಂದ್ರ ಮದಿವಿ ದಿನದ ಫೋಟೋ ಇದ್ದಂಗ. ಬಾಳೇವು ಹೆಂಗ ನಡದೈತಿ ಅನ್ನೂದು ಇದರಾಗ ಇರ್ತೈತಿ. ಎಷ್ಟು ಕೂಸಿಗೆ ಒಪ್ಪಿಗಿ, ಖರೇ ಎಷ್ಟು ಅದಾವು, ನೋಡ್ಕೊಳ್ಳಾವ್ರು ಯಾರು, ಹ್ವಾದ ಸಲ ಹೇಳಿದ ತಪ್ಪು ಈ ಸಲ ತಿದ್ದ್ಯಾರೋ ಇಲ್ಲೋ. ಇಷ್ಟರ ನೋಡಬೇಕವ್ವ ತಾಯಿ ಆದಾಕಿ."

"ನೋಡಾಕ ಕೊಡ್ತಾರಂತ ಗೊತ್ತ ಇದ್ದಿಲ್ರಿ." ರೂಪಾ ತಲೆ ತಗ್ಗಿಸಿದಳು. "ಕೆಟ್ಟದ್ದೇನರ ಬರದಾರೇನ್ರಿ ಅದರಾಗ?"

"ಕೆಟ್ಟದ್ದು ಒಂದೂ ಇಲ್ಲ. ಅದಕ್ಕ ನನಗ ಅಂಜಿಕಿ. ಪ್ರತಿ ಸಲ 'ಮಕ್ಕಳು ಸಂತೋಷವಾಗಿದ್ದಾರೆ', ಪ್ರತಿ ಸಲ ಅವ ಅಕ್ಷರ. ನೋಡಿ ಬರದದ್ದಲ್ಲ, ಹಿಂದಿನದನ್ನ ನೋಡಿ ಬರದದ್ದು." ಅವಳ ಬೆರಳು ಒಂದು ಸಾಲಿನ ಮೇಲೆ ನಿಂತಿತು. "ಇದ ನೋಡು. ನೋಡ್ಕೊಳ್ಳಾವ್ರು ಇಬ್ರು. ಒಬ್ರು ಅನ್ನಪೂರ್ಣಾ. ಇನ್ನೊಬ್ರ ಹೆಸರ ಇಲ್ಲ, ಬರೇ 'ರಜೆಯಲ್ಲಿದ್ದಾರೆ'. ಒಂದ ಸಲ ಆದ್ರ ರಜಾ. ಬಂದಾಗೆಲ್ಲ ಹಿಂಗಾದ್ರ ಅದಕ್ಕ ರಜಾ ಅನ್ನಾಂಗಿಲ್ಲ."

"ಇನ್ನೊಬ್ರನ್ನ ನಾ ನೋಡ ಇಲ್ರಿ. ಅನ್ನಪೂರ್ಣಾ ಬಾಯಾರ ಬಾಗಲಕ್ಕ ಬಂದು ಕೂಸಿನ ಇಸಗೊಂತಾರ. ಸಂಜಿಗೂ ಅವ್ರ ಕೊಡ್ತಾರ. ಒಳಗ ಬಿಡಾಂಗಿಲ್ಲ."

"ನಾ ನರಗುಂದಕ್ಕ ಹೋಗಿ ಬರ್ತೀನಿ. ಅಲ್ಲೀತನಾ ಕೂಸಿನ ಕಳಸಬ್ಯಾಡ."

ರೂಪಾ ಹೂಂ ಎಂದಳು. ಆ ಹೂಂ ಎಷ್ಟು ಗಟ್ಟಿ ಎಂಬುದನ್ನು ನಾಗರತ್ನಾ ಕೇಳದೇ ಎದ್ದಳು.

ನರಗುಂದಕ್ಕೆ ಹೋಗಲು ಕಾರಣ ಇನ್ನೊಂದು ಕಾಗದ. ಸುತ್ತಲ ತಾಲೂಕುಗಳಲ್ಲಿ ಮುಚ್ಚಿಹೋದ ಕೇಂದ್ರಗಳ ವಿವರವನ್ನೂ ಅವಳು ಕೇಳಿದ್ದಳು. ನರಗುಂದದ ಒಂದು ಕೇಂದ್ರದ ಕೊನೆಯ ತಪಾಸಣೆ ವರದಿಯಲ್ಲಿ 'ಎಲ್ಲವೂ ಸುವ್ಯವಸ್ಥಿತ' ಎಂದಿತ್ತು. ಅದರ ಮರುದಿನದ ತಾರೀಖಿಗೇ 'ಸ್ವಇಚ್ಛೆಯಿಂದ ಮುಚ್ಚಲಾಗಿದೆ' ಎಂಬ ಪತ್ರ. ಸುವ್ಯವಸ್ಥಿತವಾಗಿ ನಡೆಯುವ ಮನೆಗೆ ಯಾರು ಮರುದಿನವೇ ಬೀಗ ಹಾಕುತ್ತಾರೆ? ನಡೆಸುತ್ತಿದ್ದವಳ ಹೆಸರು ಗುಡ್ಡವ್ವ.

ಕೇಂದ್ರವಿದ್ದ ಮನೆಗೆ ಇನ್ನೂ ಬೀಗವಿತ್ತು. ಹಿಂದೊಮ್ಮೆ ಕಾಳಿನ ವ್ಯಾಪಾರಸ್ಥರದಾಗಿದ್ದ ದೊಡ್ಡ ಮನೆ. ಪಕ್ಕದವರು ಹೆಚ್ಚೇನೂ ಹೇಳಲಿಲ್ಲ, ಅಲ್ಲಿ ಮಗನನ್ನು ಬಿಡುತ್ತಿದ್ದ ವೀರವ್ವನನ್ನು ಕೇಳಿ ಎಂದು ಗುಡ್ಡದ ಬುಡದ ಓಣಿಯತ್ತ ಕೈ ತೋರಿಸಿ ಬಾಗಿಲು ಹಾಕಿಕೊಂಡರು.

ಅಲ್ಲಿ ವೀರವ್ವ ಮೊರದಲ್ಲಿ ಹೆಸರು ಕಾಳು ಕೇರುತ್ತ ಕೂತಿದ್ದಳು. ಇನ್ನೊಬ್ಬರ ಹೊಲದಲ್ಲಿ ಕೂಲಿ ಮಾಡುವವಳು. ವಯಸ್ಸು ಮೂವತ್ತು ಇರಬಹುದು, ಮುಖ ನೋಡಿದರೆ ಐವತ್ತು ಅನ್ನಬೇಕು.

"ನಿನ್ನ ಮಗಾನೂ ಆ ಕೇಂದ್ರದಾಗ ಇದ್ನಂತ," ಎಂದು ನಾಗರತ್ನಾ ಮೆಲ್ಲಗೆ ಶುರು ಮಾಡಿದಳು.

"ಇದ್ದ." ಕೇರುವ ಕೈ ನಿಲ್ಲಲಿಲ್ಲ. "ಒಪ್ಪಿಗಿ ಇದ್ದದ್ದು ಸ್ವಲ್ಪ ಕೂಸಿಗೆ. ಗುಡ್ಡವ್ವ ಎರಡ ಪಾಲು ಇಟಗೊಂಡಿದ್ಲು. ಸಾಹೇಬ್ರು ನೋಡಾಕ ಬಂದ ದಿನ ಹೆಚ್ಚಿನ ಕೂಸುಗಳನ್ನ ಹಿಂದಿನ ಕತ್ತಲಿ ಕೋಣ್ಯಾಗ ಹಾಕಿ ಚಿಲಕ ಹಾಕಿದ್ಲು. ಆ ಕೋಣ್ಯಾಗ ಹಳೇ ಹಗೇವು ಇತ್ತು."

ನೆಲದೊಳಗೆ ಕಾಳು ತುಂಬಿಡುವ ಹಗೇವು. ಎಷ್ಟೋ ದಿನ ಮುಚ್ಚಿದ ಹಗೇವಿಗೆ ದೊಡ್ಡವರೇ ಇಳಿದು ಉಸಿರುಗಟ್ಟಿ ಸತ್ತದ್ದುಂಟು. ನಾಗರತ್ನಾ ಮುಂದಿನದನ್ನು ಕೇಳಬಾರದು ಅಂದುಕೊಂಡಳು.

"ಬಾಯಿಗೆ ಮುಚ್ಚಿದ್ದ ಹಲಗಿ ಸರದಿತ್ತು," ಎಂದಳು ವೀರವ್ವ. "ಸಾಹೇಬ್ರು ಪಡಸಾಲ್ಯಾಗ ಕುಂತು ಚಹಾ ಕುಡದು ಎಲ್ಲಾ ಚಲೋ ಐತಿ ಅಂತ ಬರೀಮುಂದ, ನನ್ನ ಮಗ ಒಳಗ ಇದ್ದ."

ಕಾಳು ಮೊರದಲ್ಲಿ ಒಂದೇ ಸಮನೆ ಸದ್ದು ಮಾಡುತ್ತಿತ್ತು. ಹಿರಿಯರು ಕೂಡಿ ಮಾತು ಮುಗಿಸಿದರಂತೆ. ಆಟವಾಡುತ್ತ ಬಿದ್ದ ಎಂದು ಬರೆಸಿದರಂತೆ. ಗುಡ್ಡವ್ವ ಊರು ಬಿಟ್ಟಳಂತೆ.

"ಅಕಿ ನೋಡಾಕ ಹೆಂಗಿದ್ಲವ್ವ?"

"ಎತ್ತರಕ್ಕ, ಕೆಂಪಗ. ಮಾತು ಭಾಳ ಮಿದು."

ರೂಪಾ ಹೇಳಿದ್ದಂತೆ ಗಜೇಂದ್ರಗಡದ ಅನ್ನಪೂರ್ಣಾಳೂ ಎತ್ತರ, ಕೆಂಪು. ಮಾತೂ ಬೆಣ್ಣೆ. ನಾಗರತ್ನಾಳ ತಲೆಯಲ್ಲಿ ಲೆಕ್ಕ ಕೂಡತೊಡಗಿತು. "ಮಗನ ಹೆಸರೇನಿತ್ತು?"

"ಫಕೀರೇಶ."

ಆಗ ನಾಗರತ್ನಾ ಒಂದು ತಪ್ಪು ಮಾಡಿದಳು. ಠಾಣೆಯಲ್ಲಿ ಇದ್ದಾಗ ಎಂದೂ ಮಾಡದ ತಪ್ಪು. ಎದುರಿಗಿದ್ದವಳು ಸಾಕ್ಷಿ ಅಲ್ಲ, ತಾಯಿ ಎಂಬುದು ಮರೆತುಹೋಗಿ ಬಾಯಿಂದ ಬಿತ್ತು: "ಗಜೇಂದ್ರಗಡದಾಗ ಒಂದು ಕೂಸು ಐತವ್ವ. ಅದರ ಹೆಸರು ಬ್ಯಾರೆ. ಆದ್ರ ಫಕೀರೇಶ ಅಂದ್ರ ತಿರುಗ್ತೈತಿ."

ಮೊರ ನಿಂತಿತು.

"ಎಷ್ಟ ದೊಡ್ಡಾಂವ?"

"ಒಂದೂವರಿ ವರ್ಷ."

"ಕರದ್ರ ನಗ್ತಾನೇನ್ರಿ?"

"ನಗ್ತಾನ."

ವೀರವ್ವ ಮೊರ ಬದಿಗಿಟ್ಟಳು. ಎದ್ದು ಒಳಗೆ ಹೋಗಿ ಚಹಾ ಮಾಡಿ ತಂದಳು. ನಾಗರತ್ನಾ ತನ್ನ ಫೋನ್ ನಂಬರು ಬರೆದುಕೊಟ್ಟು ಬಸ್ಸು ಹಿಡಿದಳು. ದಾರಿಯುದ್ದಕ್ಕೂ, ಕರೆದರೆ ನಗುತ್ತಾನೇನು ಎಂಬ ಆ ಪ್ರಶ್ನೆ ಅವಳ ಕಿವಿಯಲ್ಲಿ ಗುಂಯ್‌ಗುಟ್ಟಿತು. ಹಿಂದಿನ ಸೀಟಿನಲ್ಲಿ ಯಾರದೋ ಕೂಸು ಅತ್ತರೆ ಎರಡು ಸಲ ತಿರುಗಿ ನೋಡಿದಳು.

ಮರುದಿನ ರೂಪಾಳ ಮನೆಗೆ ಹೋದರೆ ಹೊಸ್ತಿಲ ಹತ್ತಿರ ಲಾಳಿ ಒಂದೇ ಬಿದ್ದಿತ್ತು.

"ಕೂಸೆಲ್ಲಿ?"

ರೂಪಾಳ ಬೆರಳ ತುದಿಯಲ್ಲಿ ಬೂದಿ ಮೆತ್ತಿತ್ತು. ಮಗ್ಗದ ಉದ್ದೆಳೆಗಳ ಹಳೆಯ ಹಾಸು ಮುಗಿದು ಹೊಸ ಹಾಸನ್ನು ಕೆಚ್ಚುವ ದಿನ. ಒಂದೊಂದು ಎಳೆಗೂ ಒಂದೊಂದು ಎಳೆ ಸೇರಿಸಿ ಬೂದಿ ಹಚ್ಚಿದ ಬೆರಳಲ್ಲಿ ಹೊಸೆಯಬೇಕು. ನಡುವೆ ಏಳುವಂತಿಲ್ಲ. ಕೂಸಿನ ಕೈ ಒಮ್ಮೆ ಬಿದ್ದರೆ ಸಾವಿರಾರು ಎಳೆ ಗೋಜಲು.

"ಇದೊಂದ ದಿನ ಅಂತ ಕಳಿಸಿದ್ನಿರಿ," ಎಂದಳು ಅವಳು, ಹೇಳುತ್ತಲೇ ಬಿಳಿಚಿಕೊಳ್ಳುತ್ತ. "ಮಧ್ಯಾಹ್ನಕ್ಕ ಕರಕೊಂಡ ಬರ್ತಿದ್ದೆ. ಯಾಕ್ರಿ ಅಕ್ಕಾರ? ಏನಾತು?"

"ಏಳು."

ಕೆಚ್ಚುವ ಕೆಲಸವನ್ನು ನಡುವೆ ಬಿಟ್ಟು ನೇಕಾರರ ಮನೆಯ ಸೊಸೆ ಏಳುವುದನ್ನು ಮಾನವ್ವ ಜನ್ಮದಲ್ಲಿ ಕಂಡಿರಲಿಲ್ಲ. ಅವಳು ಕೂಗುತ್ತಿದ್ದಂತೆಯೇ ಇಬ್ಬರೂ ಓಣಿ ದಾಟಿದ್ದರು. ನಡೆಯುತ್ತ ನಾಗರತ್ನಾ ನರಗುಂದದ ಸಂಗತಿಯಲ್ಲಿ ಹೇಳಬಹುದಾದಷ್ಟನ್ನು ಹೇಳಿದಳು. ಹಗೇವಿನ ಮಾತು ಬಂದಾಗ ರೂಪಾ ಓಡತೊಡಗಿದಳು.

'ತೊಟ್ಟಿಲಿ'ನ ಬಾಗಿಲಿಗೆ ಅನ್ನಪೂರ್ಣಾಳೇ ಬಂದಳು. ಇಸ್ತ್ರಿ ಮಾಡಿದ ಸೀರೆ, ಹಣೆಯ ಮೇಲೆ ದುಂಡನೆಯ ಕುಂಕುಮ.

"ಶರತ ಮಲಗ್ಯಾನವ್ವ. ಎಬ್ಬಿಸಿದ್ರ ಅಳ್ತಾನ. ಸಂಜಿಗೆ ಬರ್ರಿ."

"ನೀರರ ಕೊಡ್ರಿ, ಬಿಸಲಾಗ ಬಂದೀವಿ," ಎನ್ನುತ್ತ ನಾಗರತ್ನಾ ಆಕೆಯ ಪಕ್ಕದಿಂದಲೇ ಒಳಗೆ ನುಗ್ಗಿದಳು. ರೂಪಾ ಹಿಂದೆಯೇ.

ಪಡಸಾಲೆ ಸ್ವಚ್ಛವಾಗಿತ್ತು. ಗೋಡೆಯ ಮೇಲೆ ಕಟ್ಟು ಹಾಕಿದ ಪರವಾನಗಿ. ಚಾಪೆಯ ಮೇಲೆ ಏಳೆಂಟು ಮಕ್ಕಳು ಸ್ಟೀಲಿನ ಲೋಟ ಹಿಡಿದು ಹಾಲು ಕುಡಿಯುತ್ತಿದ್ದವು. ಒಂದೂ ಸದ್ದು ಮಾಡುತ್ತಿರಲಿಲ್ಲ. ಅಷ್ಟು ಕೂಸುಗಳಿರುವ ಮನೆ ಅಷ್ಟು ಸುಮ್ಮನಿರುವುದು ನಾಗರತ್ನಾಳಿಗೆ ಸೇರಲಿಲ್ಲ.

ಅವಳು ಖಾಲಿ ಲೋಟವೊಂದನ್ನು ಎತ್ತಿಕೊಂಡು ಬೆಳಕಿಗೆ ಹಿಡಿದಳು. ಕಂಠದ ಕೆಳಗೆ ಚುಕ್ಕಿ ಚುಕ್ಕಿಯಾಗಿ ಕೊರೆದ ಹೆಸರು. ಇನ್ನೊಂದು ಎತ್ತಿದಳು, ಅದರ ಮೇಲೂ ಅದೇ. ತವರಿನವರು ಮದುವೆಯಲ್ಲಿ ಹೆಸರು ಹಾಕಿಸಿ ಕೊಟ್ಟ ಭಾಂಡೆ. ಊರು ಬಿಡಬಹುದು, ಬೋರ್ಡು ಇಳಿಸಬಹುದು, ತವರಿನ ಭಾಂಡೆ ಬಿಸಾಡಲು ಯಾವ ಹೆಣ್ಣಿಗೂ ಮನಸ್ಸಾಗುವುದಿಲ್ಲ.

"ಗುಡ್ಡವ್ವ," ಎಂದು ಓದಿದಳು ನಾಗರತ್ನಾ. "ಚಲೋ ಹೆಸರು. ಮದಿವ್ಯಾಗ ಗಂಡನ ಮನ್ಯಾವ್ರು ಹೆಸರು ಬದಲಿ ಮಾಡಿ ಅನ್ನಪೂರ್ಣಾ ಅಂತ ಇಟ್ರೇನು? ನರಗುಂದದಾಗ ತವರ ಹೆಸರಿನ ಮ್ಯಾಲ ಪರವಾನಗಿ, ಇಲ್ಲಿ ಗಂಡನ ಮನಿ ಹೆಸರಿನ ಮ್ಯಾಲ. ಎರಡೂ ಖರೇ ಹೆಸರು. ಯಾವ ಸಾಹೇಬ ಹಿಡೀಬೇಕು?"

ಅನ್ನಪೂರ್ಣಾ ಲೋಟಕ್ಕೆ ಕೈ ಚಾಚಿದಳು.

ಅಷ್ಟರಲ್ಲಿ ರೂಪಾ ಒಳಕೋಣೆಯ ಬಾಗಿಲು ದೂಡಿದ್ದಳು. "ಶರತಾ! ಶರತಾ!" ತೊಟ್ಟಿಲು ಖಾಲಿ. ಹಾಸಿಗೆ ಖಾಲಿ. ಹಿತ್ತಿಲ ಬಾಗಿಲು ತೆರೆದಿತ್ತು. ಅವಳು ಪಡಸಾಲೆಗೆ ಓಡಿ ಬಂದು, ತನಗೇ ತಿಳಿಯದೆ ಆ ಇನ್ನೊಂದು ಹೆಸರನ್ನು ಕಿರುಚಿದಳು.

"ಫಕೀರೇಶಾ!"

ಚಾಪೆಯ ಮೇಲಿದ್ದ ಗಂಡುಕೂಸುಗಳೆಲ್ಲ ಲೋಟ ಕೆಳಗಿಟ್ಟು ತಿರುಗಿದವು. ಎಲ್ಲವೂ ನಕ್ಕವು.

ನಾಗರತ್ನಾಳ ಕೈಯ ಲೋಟ ಜಾರಿ ಬಿದ್ದು ಉರುಳುತ್ತ ಹೋಯಿತು. ತನ್ನ ಇಷ್ಟು ವರ್ಷದ ನೌಕರಿಯಲ್ಲಿ ಹೆಣ ಕಂಡು ಹೆದರದವಳು ಆ ಪುಟ್ಟ ಮುಖಗಳನ್ನು ಕಂಡು ಹೆದರಿದಳು.

ಅನ್ನಪೂರ್ಣಾ ಉರುಳಿದ ಲೋಟ ಎತ್ತಿಕೊಂಡು ನೆಲಕ್ಕೆ ಕೂತಳು.

"ನಾ ಗುಡ್ಡವ್ವ ಅಲ್ರಿ," ಎಂದಳು. "ನನ್ನ ತವರ ಹೆಸರು ಸಿದ್ದಲಿಂಗವ್ವ. ಗುಡ್ಡವ್ವ ನಮ್ಮಕ್ಕ. ಆ ಭಾಂಡೆ ಅಕೀವು."

"ಪ್ರತಿ ಸಲ ರಜಾದಾಗ ಇರ್ತಿದ್ದಾಕಿ," ಎಂದಳು ನಾಗರತ್ನಾ.

"ಅಕಿಗೆ ಮತ್ತ ಪರವಾನಗಿ ಯಾರ್ ಕೊಡ್ತಾರ್ರಿ? ನನ್ನ ಹೆಸರಿನ ಮ್ಯಾಲ ತಗೊಂಡ್ವಿ. ಕಾಗದಕ್ಕ ನಾನು, ಕೂಸಿಗೆ ಅಕಿ. ಕೂಸುಗಳನ್ನ ಭಾಳ ಚಲೋ ನೋಡ್ಕೊಂತಾಳ್ರಿ, ಆಣಿ ಮಾಡಿ ಹೇಳ್ತೀನಿ. ಒಂದಕ್ಕೂ ಕೈ ಎತ್ತಾಂಗಿಲ್ಲ. ಬರೇ..." ಅವಳು ಸೆರಗು ಬಾಯಿಗೆ ಒತ್ತಿಕೊಂಡಳು. "ಬರೇ ಆ ಹೆಸರಿಲೆ ಕರೀತಾಳ. ಗಂಡುಕೂಸು ಎಲ್ಲಾ ಅಕಿಗೆ ಅದ ಹೆಸರು. ಬ್ಯಾಡಂದ್ರ ಕೇಳಾಂಗಿಲ್ಲ. ತಿರುಗಿ ನೋಡ್ತಾನ ಅಲ್ಲೇನ, ಜೀವ ಐತಿ ಅಲ್ಲೇನ, ಅಂತಾಳ."

ರೂಪಾ ಅವಳ ಭುಜ ಹಿಡಿದು ಅಲುಗಿಸಿದಳು. "ನನ್ನ ಕೂಸೆಲ್ಲಿ ಹೇಳ್ರಿ! ನನ್ನ ಕೂಸೆಲ್ಲಿ?"

"ಪ್ರತಿ ತಿಂಗಳಾ ನರಗುಂದದಿಂದ ಅಕ್ಕನ ಹಳೇ ನಂಬರಿಗೆ ಒಂದು ಫೋನ್ ಬರ್ತಿತ್ತು. ಆ ಕಡೆಯವ್ರು ಮಾತಾಡ್ತಿದ್ದಿಲ್ಲ. ಅಕ್ಕನೂ ಮಾತಾಡ್ತಿದ್ದಿಲ್ಲ. ಸುಮ್ಮನ ಕಿವಿಗೆ ಹಚಗೊಂಡು ಅಳ್ತಿದ್ಲು. ನಿನ್ನೆ ಸಂಜಿಗೆ ಮತ್ತ ಬಂತು. ನಿನ್ನೆ ಆ ಕಡೆಯವ್ರು ಮಾತಾಡಿದ್ರು, ಒಂದೂವರಿ ವರ್ಷದ ಕೂಸನ್ನ ಕೇಳಿದ್ರಂತ." ಅನ್ನಪೂರ್ಣಾ ರೂಪಾಳ ಮುಖ ನೋಡಲಾರದೆ ನೆಲ ನೋಡಿದಳು. "ಅಕ್ಕ ಉಣಲಿಲ್ಲ. ಮುಂಜಾನೆ ನೀ ಕೂಸಿನ ಬಿಟ್ಟು ಹೋದ ಕೂಡ್ಲೆ ಅದನ್ನ ಎತಗೊಂಡು ಹಿತ್ತಲ ಬಾಗಲಾ ಹಾಯ್ದು ಹ್ವಾದ್ಲು. ಅವರದು ಅವರಿಗೆ ಕೊಟ್ಟು ಬರ್ತೀನಿ ಅಂದ್ಲು. ಸಂಜೀತನಾ ಬರ್ತಾಳಂತ ನಾ ನಿಮಗ ಸುಳ್ಳ ಹೇಳಿದೆ."

ನಿನ್ನೆ ಸಂಜೆ. ನಾಗರತ್ನಾ ನರಗುಂದದಿಂದ ಬಸ್ಸು ಹತ್ತಿದ ಮೇಲೆ. ಆ ಮಾತನ್ನು ವೀರವ್ವನ ಕಿವಿಗೆ ಹಾಕಿ ಬಂದವಳು ತಾನೇ. ನಾಚಿಕೆಯಿಂದ ಅವಳಿಗೆ ರೂಪಾಳ ಕಡೆ ತಿರುಗಲಾಗಲಿಲ್ಲ.

ಅವಳ ಫೋನು ಬಡಿದುಕೊಂಡಿತು. ಗೊತ್ತಿಲ್ಲದ ನಂಬರು.

"ಅಕ್ಕಾರ, ನಾನ್ರಿ ವೀರವ್ವ." ದನಿ ನಿನ್ನೆಯದಲ್ಲ. ಹಗುರಾಗಿತ್ತು, ಎಳೆಯದಾಗಿತ್ತು. "ನೀವು ಹೇಳಿದ್ದು ಖರೇ ಐತ್ರಿ. ಗುಡ್ಡವ್ವ ತಂದು ಕೊಟ್ಲು, ನಾ ಕರದೆ. ತಿರುಗಿದ."

ರೂಪಾ ಹತ್ತಿರ ಬಂದು ಫೋನಿಗೆ ಕಿವಿ ಒತ್ತಿ ನಿಂತಳು.

"ವೀರವ್ವಾ, ಕೇಳಿಲ್ಲಿ. ಅದು ನಿನ್ನ ಕೂಸಲ್ಲ. ಅದರ ತಾಯಿ ನನ್ನ ಬಾಜೂಕ ನಿಂತಾಳ."

"ನಾನೂ ನಿಂತಿದ್ನೆಲ್ರಿ ಆವತ್ತ. ಬಾಗಲದ ಮುಂದ, ಕೈ ಮುಗಕೊಂಡು. ಒಳಗ ಬಿಟ್ರೇನ್ರಿ ನನ್ನ?"

"ನೀ ಹಡದಾಕಿ ಇದ್ದೀ. ನಿನಗ ತಿಳೀತೈತಿ. ಕೂಸಿಗೆ ಏನೂ ಮಾಡಬ್ಯಾಡ."

"ಏನ್ ಮಾಡ್ಲಿ ಅದಕ್ಕ? ಉಂಡೈತಿ. ತೊಡಿ ಮ್ಯಾಲ ಐತಿ." ಆ ಕಡೆ ಕೂಸು ತೊದಲುವುದು ಕೇಳಿಸಿತು, ರೂಪಾಳ ಉಗುರು ನಾಗರತ್ನಾಳ ತೋಳಿಗೆ ನಾಟಿತು. "ನಾ ಅನ್ಯಾಯದಾಕಿ ಅಲ್ರಿ. ಪೊಲೀಸ್ರನ್ನ ಕರಕೊಂಡು ಬಂದ್ರ ಬಾಗಲಾ ತೆಗ್ಯಾಂಗಿಲ್ಲ. ಅದರ ತಾಯಿ ಒಬ್ಬಾಕೀನ ಬರ್ಲಿ. ಆ ಬಾಜೂಕ ಅಕಿ ನಿಂತು ಕರೀಲಿ, ಈ ಬಾಜೂಕ ನಾ ಕರೀತೀನಿ. ಕೂಸು ಯಾರ ಕಡೆ ತಿರುಗ್ತೈತಿ, ಕೂಸು ಅವ್ರದು. ಓಣಿ ಮಂದಿ ಮುಂದ ಆಗ್ಲಿ."

ಫೋನು ನಿಂತಿತು.

ಅನ್ನಪೂರ್ಣಾ ಅಳುತ್ತಿದ್ದಳು. ಚಾಪೆಯ ಮೇಲಿನ ಮಕ್ಕಳು ಮತ್ತೆ ಹಾಲಿಗೆ ಬಾಯಿ ಹಚ್ಚಿದ್ದವು. ನಾಗರತ್ನಾ ಠಾಣೆಯ ನಂಬರು ಹುಡುಕಲು ಫೋನು ಒತ್ತಿದಳು, ರೂಪಾ ಅದರ ಮೇಲೆ ಕೈ ಅಡ್ಡ ಇಟ್ಟಳು. ಅವಳ ಬೆರಳಲ್ಲಿ ಇನ್ನೂ ಬೂದಿ ಇತ್ತು. ಕಣ್ಣಲ್ಲಿ ನೀರಿರಲಿಲ್ಲ.

"ಅಕ್ಕಾರ," ಎಂದಳು, "ಅಲ್ಲಿ ಹೋಗಿ ನಿಂತ ಮ್ಯಾಲ, ನಾ ಯಾವ ಹೆಸರು ಹಿಡದು ಕರೀಲ್ರಿ?"